ಬೆನ್ನ ಮೇಲಿನ ಕಂಬಳಿ

ನಾನು ಒಂದು ತಟ್ಟು. ಕುದುರೆಗಿಂತ ಗಿಡ್ಡ, ಕತ್ತೆಗಿಂತ ತುಸು ಎತ್ತರ. ಒಂದು ಇಟ್ಟಂಗಿ ಭಟ್ಟಿಯ ಹಿಂದೆ, ಬಿಸಿ ಇನ್ನೂ ಆರಿರದ ನೆಲದ ಮೇಲೆ ಹುಟ್ಟಿದೆ. ಆ ದಿನ ಮಧ್ಯಾಹ್ನದವರೆಗೂ ನನ್ನ ತಾಯಿ ಇಟ್ಟಂಗಿ ಹೊತ್ತಿದ್ದಳಂತೆ. ಸಂಜೆ ನನ್ನನ್ನು ಈದಳು, ಮರುದಿನ ಮತ್ತೆ ಹೊತ್ತಳು. ಭಟ್ಟಿಯ ಬೂದಿಯ ಬಣ್ಣವೇ ನನ್ನ ಮೈಗೂ ಇದ್ದುದರಿಂದ ಬೂದಿ ಎಂದು ಹೆಸರಿಟ್ಟರು.

ಮೊದಲು ನನ್ನನ್ನು ಕೊಂಡವನು ಟಾಂಗಾ ಹೊಡೆಯುವ ಹುಸೇನಸಾಬ. ಸ್ಟೇಶನ್ನಿನಿಂದ ಪೇಟೆಗೆ, ಪೇಟೆಯಿಂದ ಸ್ಟೇಶನ್ನಿಗೆ ನನ್ನ ಹರೆಯ ಕಳೆಯಿತು. ಟಾಂಗಾದಲ್ಲಿ ಕುಳಿತವರಿಗಿಂತ ನನ್ನ ಜೊತೆಯೇ ಅವನ ಮಾತು ಹೆಚ್ಚು. ಆಟೋಗಳು ಬಂದ ಮೇಲೆ ಟಾಂಗಾ ಬಾಡಿಗೆ ಕಡಿಮೆಯಾಯಿತು, ಅವನ ಮಾತೂ ಕಡಿಮೆಯಾಯಿತು. ಒಂದು ದಿನ ಎರಡು ಟಗರು ತೆಗೆದುಕೊಂಡು ನನ್ನನ್ನು ಕುರಿಗಾರ ಮಾಳಪ್ಪನ ಕೈಗೆ ಕೊಟ್ಟ.

ಹಗ್ಗ ಹಿಡಿದ ಮಾಳಪ್ಪ ಹೊರಡಲಿಲ್ಲ, ನಿಂತೇ ಇದ್ದ.

"ಇನ್ನೇನ ಬೇಕೋ ಮಾರಾಯಾ?" ಎಂದ ಹುಸೇನಸಾಬ.

"ಬೆನ್ನ ಮ್ಯಾಲೆ ಏನರ ಹಾಕು ಸಾಬ. ದನಾ ಆಗಲಿ, ಮಗಳಾಗಲಿ, ಬರೇ ಬೆನ್ನೀಲೆ ಕಳಸಬಾರದು."

ಹುಸೇನಸಾಬ ಟಾಂಗಾದ ಸೀಟಿನ ಮೇಲಿದ್ದ ಗೋಣಿತಟ್ಟನ್ನು ಎಳೆದು ನನ್ನ ಮೇಲೆ ಹಾಕಿದ. ಹಾಗೆ ನಾನು ಕುರಿಗಾರರ ಮನೆ ಸೇರಿದೆ. ಮನೆ ಎಂದರೆ ನಡೆಯುವ ಮನೆ. ಕುರಿ ಎಲ್ಲಿ ಮೇಯುತ್ತವೋ ಅಲ್ಲಿ. ಯಾರದಾದರೂ ಹೊಲದಲ್ಲಿ ರಾತ್ರಿ ಕುರಿ ತರುಬಿ ಮಲಗಿಸಿದರೆ ಆ ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ.

ಮನುಷ್ಯರನ್ನು ನಾನು ಅವರ ಕಾಲುಗಳಿಂದ ಗುರುತಿಸುತ್ತಿದ್ದೆ. ಮೊಳೆ ಬಡಿದ ಕೆರವು ಮಾಳಪ್ಪನದು, ಒಡೆದ ಹಿಮ್ಮಡಿ ಅವನ ಹೆಂಡತಿ ಕೆಂಚವ್ವನದು. ಒಂದು ಕಡೆ ನಿಲ್ಲದ, ಸದಾ ಮುಳ್ಳು ತುಳಿಯುವ ಕಾಲು ಮಗಳು ಕಸ್ತೂರಿಯದು.

ನನ್ನ ಮೇಲೆ ಹೇರುತ್ತಿದ್ದುದು ದೇವರ ಪೆಟ್ಟಿಗೆ. ಅದರಲ್ಲಿ ಬೀರಪ್ಪನ ಬೆಳ್ಳಿಯ ಮುಖ ಮತ್ತು ಭಂಡಾರದ, ಅಂದರೆ ದೇವರ ಅರಿಸಿನಪುಡಿಯ, ಚೀಲ ಇರುತ್ತಿದ್ದವು. ಪೆಟ್ಟಿಗೆ ಹೊರುವ ತಟ್ಟಿನ ಬೆನ್ನಿಗೆ ಗೋಣಿತಟ್ಟು ಸಲ್ಲದು ಎಂದು ಮಾಳಪ್ಪ ತನ್ನ ಅಪ್ಪನ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕುತ್ತಿದ್ದ. ಆ ಮುದುಕ ತಾನೇ ನೂಲಿಸಿ ನೇಯಿಸಿ, ಕೊನೆಗೆ ಅದರ ಮೇಲೆಯೇ ಕಣ್ಣು ಮುಚ್ಚಿದ್ದನಂತೆ. ಆ ಕಂಬಳಿಯನ್ನು ಯಾರೂ ತೊಳೆಯುತ್ತಿರಲಿಲ್ಲ. ಬಿಸಿಲಿಗೆ ಹರವಿ ಝಾಡಿಸುತ್ತಿದ್ದರು, ಅಷ್ಟೇ.

ವಯಸ್ಸಾಗುವ ಹೊತ್ತಿಗೆ ನನಗೊಂದು ಹೆಣ್ಣುಮರಿ ಹುಟ್ಟಿತು. ನವಣೆಯ ಬಣ್ಣ. ಕಸ್ತೂರಿ ಅದಕ್ಕೆ ನವಣಿ ಎಂದೇ ಹೆಸರಿಟ್ಟಳು. ಅದು ಅವಳ ಹಿಂದೆ ಓಡುತ್ತಿತ್ತು, ಅವಳ ಸೆರಗು ಜಗಿಯುತ್ತಿತ್ತು, ಅವಳಿಂದ ಬೈಸಿಕೊಳ್ಳುತ್ತಿತ್ತು. ನವಣಿ ಹೊರೆ ಹೊರುವ ವಯಸ್ಸಿಗೆ ಬರುವಾಗಲೇ ಕಸ್ತೂರಿಗೂ ಗಂಡು ಗೊತ್ತಾಯಿತು. ಅವರೂ ಕುರಿಗಾರರೇ. ಮಗಳ ಜೊತೆ ನವಣಿಯನ್ನೂ ಕಳಿಸುತ್ತೇನೆಂದು ಮಾಳಪ್ಪ ಬೀಗರಿಗೆ ಮಾತು ಕೊಟ್ಟ.

ಆ ಮಳೆಗಾಲದಲ್ಲಿ ಒಂದು ಜಾಲಿಬೇಲಿ ನನ್ನ ಎಡ ಹೆಗಲನ್ನು ಗೀರಿತು. ಆ ಗಾಯ ಹಸಿ ಇದ್ದಾಗಲೇ ಸಂತೆ ಊರಿನ ನೀರಿನ ತೊಟ್ಟಿಯಲ್ಲಿ ಕಾಲು ಕೀವಾಗಿದ್ದ ಕುದುರೆಯೊಂದರ ಮಗ್ಗುಲಲ್ಲಿ ನೀರು ಕುಡಿದೆ. ಅದರ ಕಾಲಿನ ನೊಣಗಳು ಎದ್ದು ನನ್ನ ಹೆಗಲ ಮೇಲೆ ಕುಳಿತವು. ಗೀರು ಮಾಯಿತು. ಆದರೆ ಕೆಲವು ವಾರಗಳ ಮೇಲೆ ಅದೇ ಜಾಗದಲ್ಲಿ, ತೊಗಲಿನ ಕೆಳಗೆ, ಹುಣಸೆ ಬೀಜದಷ್ಟು ಗಂಟೊಂದು ಎದ್ದಿತು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಹೆಗಲಿನಿಂದ ಮುಂಗಾಲಿಗೆ ಯಾರೋ ಒಳಗಿಂದ ಮಣಿಸರ ಪೋಣಿಸಿದ ಹಾಗೆ ಇಳಿದವು. ನೋವು ಅಷ್ಟಿರಲಿಲ್ಲ. ಒಡೆದ ಮೇಲೆ ಅಂಟಂಟು ಕೀವು ಬಂತು. ಅದೆಲ್ಲ ಕಂಬಳಿಯ ಅಂಚಿಗೆ ಇಳಿಯಿತು.

ಮಾಳಪ್ಪ ಭಂಡಾರ ಹಚ್ಚಿದ. ಆಮೇಲೆ ಕುಡುಗೋಲು ಕಾಯಿಸಿ ಬರೆ ಎಳೆದ. ಗಂಟುಗಳು ಬರೆಯನ್ನು ದಾಟಿ ಕೆಳಗೆ ಹೋದವು. ಕೊನೆಗೆ ನನ್ನನ್ನು ದನದ ದವಾಖಾನೆಗೆ ಹೊಡೆದುಕೊಂಡು ಹೋದ.

ಅಲ್ಲಿ ಇದ್ದವಳು ಹೆಣ್ಣುಮಗಳು. ಎಲ್ಲರೂ ಅವಳನ್ನು ಡಾಕ್ಟರಬಾಯಿ ಎನ್ನುತ್ತಿದ್ದರು. ಕೈಗೆ ರಬ್ಬರಿನ ಚೀಲ ಹಾಕಿಕೊಂಡು ನನ್ನ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಕಾಕಾ, ಇದು ಎರಡರಾಗ ಒಂದು ರೋಗ. ಒಂದು ಭಾಳ ಕೆಟ್ಟದ್ದು. ಅದಾಗಿದ್ರ ತಟ್ಟನ್ನ ಉಳಸೂ ಹಂಗಿಲ್ಲ, ಕಾಯ್ದೆ ಐತಿ. ರಕ್ತ ತಪಾಸಕ್ಕ ಕಳಸ್ತೀನಿ. ಅಲ್ಲೀತನಕ ಮರೀನ ದೂರ ಕಟ್ಟರಿ."

ವರದಿ ಬರುವವರೆಗೆ ಮಾಳಪ್ಪ ನನ್ನ ಹತ್ತಿರವೇ ಕೂರುತ್ತಿದ್ದ. ಬೀಡಿ ಹಚ್ಚುತ್ತಿದ್ದ, ಸೇದುವುದನ್ನು ಮರೆಯುತ್ತಿದ್ದ. ವರದಿ ಬಂದ ದಿನ ಡಾಕ್ಟರಬಾಯಿ ತಾನೇ ಮೋಟರ್‌ಸೈಕಲ್ ಮೇಲೆ ಹಟ್ಟಿಗೆ ಬಂದಳು.

"ಕೆಟ್ಟದ್ದಲ್ಲ ಕಾಕಾ. ಇದು ಬೂಷ್ಟಿನ ರೋಗ."

"ಬೂಷ್ಟರೀ? ರೊಟ್ಟಿಗಿ ಹತ್ತತೈತಲ್ಲ, ಅದು?"

"ಅದರ ಬಳಗಾನ. ರೊಟ್ಟಿಗಿ ಮ್ಯಾಲೆ ಹತ್ತತೈತಿ, ಇದಕ್ಕ ತೊಗಲಿನ ಕೆಳಗ."

ಕೆಂಚವ್ವ ಕೈ ಬಾಯಿಗಿಟ್ಟು ನಕ್ಕಳು. "ಎಷ್ಟ ಹೆದರಿಸಿದಿರಿ ಬಾಯಾರ. ಬೂಷ್ಟಿಗೆ ಹೆದರಿದ್ರ ನಾವು ಬುತ್ತಿಗಂಟ ಬಿಚ್ಚೂ ಹಂಗಾ ಇಲ್ಲ."

ಮಾಳಪ್ಪನೂ ನಕ್ಕ. ಡಾಕ್ಟರಬಾಯಿ ನಗಲಿಲ್ಲ.

"ನಗಬ್ಯಾಡ್ರಿ. ಬ್ಯಾರೆ ತಟ್ಟಿಗೆ ಹತ್ತಿದ್ರ ಸಾಯತೈತಿ. ಈ ಹಗ್ಗ, ಈ ಕಂಬಳಿ, ಎರಡನ್ನೂ ಸುಟ್ಟಬಿಡ್ರಿ. ತೊಳದ್ರ ಆಗಂಗಿಲ್ಲ. ಹೂಳಿದ್ರೂ ಆಗಂಗಿಲ್ಲ, ಹಸಿ ಮಣ್ಣಾಗ ಅದು ಭಾಳ ದಿನ ಬದಕತೈತಿ. ಸುಡಬೇಕು."

ನವಣಿಯ ಮೈಯನ್ನೂ ಅವಳು ಅಂಗುಲ ಅಂಗುಲ ತಡವಿದಳು. ಗಂಟು ಇರಲಿಲ್ಲ.

ಮಾಳಪ್ಪ ಹಗ್ಗ ಸುಟ್ಟ. ಸೂಜಿ ತಪ್ಪಿಸಲಿಲ್ಲ. ಡಾಕ್ಟರಬಾಯಿ ಕೊಟ್ಟ ಉಪ್ಪುಪ್ಪಾದ ಔಷಧವನ್ನು ನನ್ನ ಬಾಯಿ ಅಗಲಿಸಿ ಹಾಕಿದ. ಅದಕ್ಕೆ ನನ್ನ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿತ್ತು, ಅವನು ತನ್ನ ಧೋತರದ ತುದಿಯಿಂದ ಒರೆಸುತ್ತಿದ್ದ. ಆದರೆ ಕಂಬಳಿಯನ್ನು ಮಾತ್ರ ಬಿಸಿಲಿಗೆ ಝಾಡಿಸಿ, ಮಡಿಚಿ, ದೇವರ ಪೆಟ್ಟಿಗೆಯ ಕೆಳಗೆ ಇಟ್ಟ.

"ಸುಡು ಅಂದ್ರಲ್ಲ?" ಎಂದಳು ಕೆಂಚವ್ವ.

"ದೇವರ ಪೆಟಗಿ ಕೂತ ಕಂಬಳಿ. ನಮ್ಮಪ್ಪ ಜೀವಾ ಬಿಟ್ಟ ಕಂಬಳಿ. ಕಂಬಳಿಗಿ ಮೈಲಿಗಿ ತಾಗೂದಿಲ್ಲ."

"ಮೈಲಿಗಿ ಬ್ಯಾರೆ, ರೋಗ ಬ್ಯಾರೆ."

"ನೀ ಯಾವಾಗ ಡಾಕ್ಟರಕಿ ಕಲತಿ?"

ಡಾಕ್ಟರಬಾಯಿ ಮತ್ತೆ ಬಂದಾಗ ಕಂಬಳಿಯ ಬಗ್ಗೆ ಕೇಳಿದಳು. ಮಾಳಪ್ಪ ನನ್ನ ಕಾಲು ನೋಡುತ್ತ, "ಸುಟ್ಟೆನ್ರಿ" ಎಂದ. ಕೆಂಚವ್ವ ತಲೆಯೆತ್ತದೆ ಒಲೆಗೆ ಪುಳ್ಳೆ ತುಂಬಿದಳು. ಅವನು ಕೆಟ್ಟವನಲ್ಲ. ಸುಳ್ಳು ಹೇಳಿದ್ದು ಬಹುಶಃ ಅದೊಂದೇ ಸಲ.

ನನ್ನ ಗಂಟುಗಳು ಬತ್ತಿದವು. ಹೆಗಲಿನಿಂದ ಮುಂಗಾಲಿನವರೆಗೆ ಕೂದಲಿಲ್ಲದ ಕಲೆಗಳ ಸಾಲು ಉಳಿಯಿತು. ಅಷ್ಟರಲ್ಲಿ ಕಸ್ತೂರಿಯ ಮದುವೆ ಆಯಿತು.

ಕಳಿಸಿಕೊಡುವ ದಿನ ನವಣಿಗೆ ಎಣ್ಣೆ ಹಚ್ಚಿ ತಿಕ್ಕಿದ್ದರು, ಕೊರಳಿಗೆ ಗೆಜ್ಜೆ ಕಟ್ಟಿದ್ದರು. ಮಾಳಪ್ಪ ಪೆಟ್ಟಿಗೆ ಎತ್ತಿ ಆ ಕಂಬಳಿಯನ್ನು ತೆಗೆದ. ಎಲ್ಲರೆದುರು ಅದಕ್ಕೆ ಹಣೆ ಮುಟ್ಟಿಸಿ, ಭಂಡಾರ ಎರಚಿ, ನವಣಿಯ ಬೆನ್ನಿಗೆ ಹಾಕಿದ.

ಕಸ್ತೂರಿಯ ಕಣ್ಣು ತುಂಬಿದವು. "ಯಪ್ಪಾ, ಅಜ್ಜನ ಕಂಬಳಿ ನನಗ ಕೊಟ್ಟಿ?"

"ನಿನಗ್ಯಾಕ ಕೊಡ್ಲಿ? ನವಣಿಗೆ ಕೊಟ್ಟೀನಿ. ನೀ ನಿಮ್ಮತ್ತಿ ಕಡೆ ಇಸಗೊ."

ಬೀಗರು ನಕ್ಕರು. ಕೆಂಚವ್ವ ಒಂದು ಹೆಜ್ಜೆ ಮುಂದೆ ಬಂದಳು. ಬೀಗರ ಎದುರು, ಮದುವೆಯ ಮಂದಿಯ ಎದುರು, ಕಂಬಳಿ ಕಿತ್ತುಕೊಳ್ಳುವುದು ಹೇಗೆ? ಅಲ್ಲಿಯೇ ನಿಂತಳು. ನಾನು ನಿಲ್ಲಲಿಲ್ಲ. ಹಗ್ಗ ಜಗ್ಗಿದೆ, ನೆಲವನ್ನು ಒದ್ದೆ, ಕೂಗಿದೆ.

"ನೋಡ, ತಾಯಿ ಅಳಾಕತ್ತೈತಿ" ಎಂದು ಯಾರೋ ಅಂದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನವಣಿ ತಿರುಗಿ ನೋಡಿ, ಗೆಜ್ಜೆ ಅಲ್ಲಾಡಿಸುತ್ತ ಹೋಯಿತು.

ಮುಂದಿನ ಮಳೆಗಾಲಕ್ಕೆ ಕಸ್ತೂರಿ ಒಬ್ಬಳೇ ಬಸ್ಸಿಳಿದು ಬಂದಳು. ಆಗ ನಾವು ಊರಂಚಿನ ಗುಡಿಸಲಿನಲ್ಲಿ ಇದ್ದೆವು. ಸಾಮಾನಿಗೆ ಟೆಂಪೊ ಹೇಳುವುದು ರೂಢಿಯಾಗಿ ನನ್ನನ್ನು ಜಾಲಿಗಿಡದ ಕೆಳಗೆ ಕಟ್ಟಿದ್ದರು. ಅವಳ ಕೈಯಲ್ಲಿ ಬಾಯಿ ಬಿಗಿದ ಗೊಬ್ಬರದ ಚೀಲವೊಂದಿತ್ತು. ಒಳಗೆ ಬರಲಿಲ್ಲ, ಅಂಗಳದಲ್ಲೇ ಚೀಲ ಇಟ್ಟಳು.

"ನವಣಿ ಹೋತು ಯಪ್ಪಾ. ಕುತಗಿ ತುಂಬ ಗಂಟಾಗಿ, ಕಣ್ಣಿಗೂ ಬಂತು. ನಮ್ಮತ್ತಿ ಮನ್ಯಾಗಿನ ಮೂರೂ ತಟ್ಟಿಗೆ ಹತ್ತೈತಿ."

ಮಾಳಪ್ಪ ಚೀಲದತ್ತ ನೋಡಿದ.

"ನಮ್ಮತ್ತಿ ನನ್ನ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ನಿಮ್ಮಪ್ಪ ಕೊಟ್ಟದ್ದನ್ನ ತಿರಗಿ ಕೊಟ್ಟ ಬಾ ಅಂದ್ಲು. ಅಲ್ಲಿ ಡಾಕ್ಟರು ಕೇಳಿದ್ರು, ಈ ಕಂಬಳಿ ಮೊದಲ ಯಾವ ತಟ್ಟಿಗೆ ಹಾಕಿದ್ರಿ ಅಂತ. ಗೊತ್ತಿಲ್ಲ ಅಂದೆ."

ಹೇಳುತ್ತ ನನ್ನ ಹತ್ತಿರ ಬಂದು ಹೆಗಲಿನ ಕಲೆಗಳ ಮೇಲೆ ಬೆರಳಾಡಿಸಿದಳು. ಮೇಲಿನಿಂದ ಕೆಳಗಿನವರೆಗೆ ಪೂರ್ತಿ. ಆಮೇಲೆ ಬಾವಿಗೆ ಹೋಗಿ ಕೈ ತೊಳೆದಳು.

ಕೆಂಚವ್ವ ಕಡ್ಡಿಪೆಟ್ಟಿಗೆ ತಂದಳು. ಮಾಳಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ.

"ನಮ್ಮಪ್ಪನ್ನ ಮಣ್ಣಿಗೆ ಕೊಟ್ಟೇವಿ. ಬೆಂಕಿಗಲ್ಲ."

"ಹೂಳಬ್ಯಾಡ ಅಂದಿದ್ರು."

"ಸಾಕ ಬಿಡು, ಇನ್ನ."

ಕೆಂಚವ್ವ ತಲೆಬಾಗಿಲಿಗೆ ಒರಗಿ ಕುಳಿತಳು. ಅವನು ನನ್ನ ಜಾಲಿಯಿಂದ ಆಚೆ, ಬೀಳು ನೆಲದಲ್ಲಿ ಗುಣಿ ತೋಡಿದ. ಚೀಲ ಸಮೇತ ಹಾಕುತ್ತಾನೆಂದುಕೊಂಡಿದ್ದೆ. ಹಾಕಲಿಲ್ಲ. ಗೊಬ್ಬರದ ಚೀಲದಲ್ಲಿ ಅಪ್ಪನ ಕಂಬಳಿ ಹೂಳಲು ಅವನ ಮನಸ್ಸು ಒಪ್ಪಲಿಲ್ಲ. ಬಿಚ್ಚಿ ತೆಗೆದು, ಮಡಿಕೆ ನೇರ ಮಾಡಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ, ಭಂಡಾರ ಎರಚಿ, ಮೇಲೆ ತೆಳುವಾಗಿ ಮಣ್ಣೆಳೆದ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದುದು ಯಾರಿಗಾಗಿ ಎಂದು ತಿಳಿಯಲಿಲ್ಲ. ಅಪ್ಪನಿಗೋ, ಮಗಳಿಗೋ. ನವಣಿಗೆ ಎಂದು ನಾನು ಅಂದುಕೊಂಡೆ.

ಆ ವಾರ ಮಳೆ ಹಿಡಿಯಿತು. ಬಿಟ್ಟ ಮೇಲೆ ಯಾರದೋ ಕುರಿಹಿಂಡು ಬಂದು ಬೀಳು ನೆಲದಲ್ಲಿ ಇಳಿಯಿತು. ಮಾಳಪ್ಪ ಅವರನ್ನು ಕರೆದು ಎಲೆಅಡಿಕೆ ಕೊಟ್ಟು ಮಾತಿಗೆ ಕುಳಿತ. ಅವರ ಜೊತೆ ಒಂದು ಎಳೆಯ ತಟ್ಟು ಇತ್ತು, ನವಣಿಯಷ್ಟೇ ವಯಸ್ಸಿನದು. ಹೊರೆ ಇಳಿಸಿದ ಕೂಡಲೇ ನಮ್ಮ ಜಾತಿಗೆ ಮೊದಲು ಬೇಕಾದದ್ದು ಸಡಿಲ ಮಣ್ಣು. ಹೊರೆಯ ಹಗ್ಗ ತಿಂದ ಬೆನ್ನನ್ನು ಅದರಲ್ಲಿ ಹೊರಳಿಸಿದರೆ ಆಗುವ ಸುಖ ನನಗೆ ಗೊತ್ತು. ಅದು ಮೂಸುತ್ತ ಮೂಸುತ್ತ ಬಂದು, ಇತ್ತೀಚೆಗೆ ಅಗೆದ ಆ ಮೆತ್ತನೆಯ ಜಾಗವನ್ನು ಕಂಡುಹಿಡಿಯಿತು. ಮುಂಗಾಲಿನಿಂದ ಕೆದರಿತು. ಕಂಬಳಿಯ ಕರಿ ಅಂಚು ಮಣ್ಣಿನಿಂದ ಮೇಲೆ ಬಂತು.

ನಾನು ಕೂಗಿದೆ. ಹಗ್ಗ ಕೊರಳಿಗೆ ಕೊರೆಯುವಷ್ಟು ಜಗ್ಗಿ ಕೂಗಿದೆ.

ಎಲೆ ಜಗಿಯುತ್ತ ಬಂದವನೊಬ್ಬ ಹೇಳಿದ: "ಮುದುಕಿಗೆ ಜೋಡಿ ಸಿಕ್ಕತು ನೋಡಪಾ. ಎಷ್ಟ ಖುಷಿಯಾಗೈತಿ."

ಮಾಳಪ್ಪ ತಿರುಗಿಯೂ ನೋಡದೆ, "ಹೌದು, ಒಂದ ನಿಂತು ಬ್ಯಾಸರಾಗೈತಿ ಅದಕ್ಕ" ಎಂದ.

ನನ್ನ ಕೂಗಿಗೆ ಅವರ ಹತ್ತಿರ ಎರಡೇ ಅರ್ಥಗಳಿವೆ. ಮದುವೆಯ ದಿನ ಅಳು ಎಂದರು, ಇವತ್ತು ಖುಷಿ ಎಂದರು. ಹಲ್ಲು ಸವೆದಿವೆ, ಇನ್ನು ಬಹಳ ದಿನ ಕೂಗಲಾರೆ. ಆ ಎಳೆಯ ತಟ್ಟು ನಾಲ್ಕೂ ಕಾಲು ಮೇಲೆತ್ತಿ, ಹಸಿ ಮಣ್ಣಿನಲ್ಲಿ ಬೆನ್ನು ತಿಕ್ಕುತ್ತ, ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳುತ್ತಿತ್ತು. ಅದರ ಹೆಗಲ ಮೇಲೊಂದು ಮುಳ್ಳಿನ ಗೀರಿತ್ತು.