ಕರೆಯುತ್ತಿರುವ ತನಕ

ಮಧ್ಯಾಹ್ನದ ಹೊತ್ತಿಗೆ, ಹಾಡಿ ಕಾಯಿಲೆ ಬಿಡಿಸುವ ಮುದುಕ ಕಂಕುಶ್ ಹಾಡನ್ನೇ ನಿಲ್ಲಿಸಿಬಿಟ್ಟ. ಹಲಗೆ ಮನೆಯೊಳಗೆ ಉಸಿರುಗಟ್ಟುವ ಸೆಕೆ. ಲೂಶ್ಕಾಳ ತೊಡೆಯ ಮೇಲೆ ಐದು ವರ್ಷದ ಮಗಳು ಕೆಮ್ಮಲೂ ಶಕ್ತಿಯಿಲ್ಲದೆ ಮಲಗಿದ್ದಳು.

"ಯಾಕಜ್ಜಾ ನಿಲ್ಸಿದ್ರಿ? ಹಾಡಿ."

"ಯಾರ್ನ ಕರೀಲಮ್ಮ? ನನ್ನ ಮಾತು ಕೇಳೋ ದೇವತೆಗಳೆಲ್ಲ ನಮ್ಮ ಸರೋವರದ ಹತ್ರಾನೇ ಉಳ್ಕೊಂಡ್ರು. ನಮ್ಮನ್ನ ರೈಲಿಗೆ ತುಂಬಿ ಇಲ್ಲಿಗೆ ತಂದಾಗ ಅವ್ರಿಗೇನು ಟಿಕೇಟ್ ಕೊಟ್ರಾ?"

ಮೂಲೆಯಲ್ಲಿದ್ದ ಲೂಶ್ಕಾಳ ಸೋದರತ್ತೆ ಸಿಡುಕಿದಳು. "ಹಾಡೋಕೆ ಬಂದೋನು ನೆಪ ಹೇಳ್ತಾನೆ ನೋಡು! ನಮ್ಮ ಕಡೆ ಆಗಿದ್ರೆ ನಿನ್ನ ತಲೆ ಹೋಗ್ತಿತ್ತು."

"ತಗೋ ತಾಯಿ, ಈಗ್ಲೇ ತಗೋ," ಎಂದು ಮುದುಕ ಕತ್ತು ಚಾಚಿದ. ರೋಗಿ ಸತ್ತರೆ ವೈದ್ಯನೂ ಜೀವ ತೆರಬೇಕಾಗಿದ್ದ ಕಾಲವನ್ನು ಅವನು ಕಂಡಿದ್ದ. ಆದರೆ ತಲೆ ತೆಗೆಯುವುದಕ್ಕೂ ಗಂಡಸರು ಬೇಕಲ್ಲ! ಅಮೆರಿಕದ ಸೈನ್ಯಕ್ಕೆ ಸೋತು ಗಡೀಪಾರಾಗಿ ಬಂದ ಮೊಡಾಕ್ ಬುಡಕಟ್ಟಿನವರಲ್ಲಿ ಎಷ್ಟೋ ಜನರನ್ನು ಈ ಹಾಳು ಬಯಲಿನ ಕೆಮ್ಮು ನುಂಗಿ ನೀರು ಕುಡಿದಿತ್ತು. ಲೂಶ್ಕಾಳ ಗಂಡನನ್ನೂ. ಸತ್ತವರ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಹೇಳಿದರೆ ಹೋಗುವ ಜೀವ ದಾರಿ ಬಿಟ್ಟು ಅಲೆಯುತ್ತದೆ. ಹೋದ ಚಳಿಗಾಲದಿಂದ ಅವಳು ಗಂಡನ ಹೆಸರು ಹೇಳಿಲ್ಲ. ಈಚೆಗೆ ನೆನೆಸಿಕೊಳ್ಳಲು ಹೋದರೆ ಅದು ಸರಿಯಾಗಿ ಬರುವುದೂ ಇಲ್ಲ.

"ನೀನೇ ಹೆಸರು ಹಿಡಿದು ಕರೀತಿರು," ಎಂದ ಮುದುಕ. "ತಾಯಿ ಕರೆದ್ರೆ ತಿರುಗಿ ನೋಡ್ತಾಳೇನೋ."

ಲೂಶ್ಕಾ ಕರೆದಳು. ಮೊದಲು ರಮಿಸಿ, ಆಮೇಲೆ ಗದರಿಸಿ, ದೂರ ಆಡಲು ಹೋದವಳನ್ನು ಕೂಗುವ ಹಾಗೆ ಜೋರಾಗಿ. ಮಗು ಒಮ್ಮೆ ಕಣ್ಣು ತೆರೆಯಿತು. "ಇಲ್ಲೇ ಇದೀನಲ್ಲಮ್ಮ," ಎಂದಿತು, ಬೇಸರದಿಂದ. ಲೂಶ್ಕಾಳಿಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು.

ಬಿಸಿಲು ಬಾಗಿಲಿಂದ ಸರಿಯುವ ಹೊತ್ತಿಗೆ ಆ ಪುಟ್ಟ ಎದೆ ಮತ್ತೆ ಏಳಲಿಲ್ಲ. ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅದರ ಮೇಲಿದ್ದ ತಾಯಿಯ ಅಂಗೈಗೆ. ಅವಳು ಕರೆಯುತ್ತಲೇ ಇದ್ದಳು. ತಾನು ಕರೆಯುತ್ತಿರುವ ತನಕ ಯಾರಿಗೂ ತಿಳಿಯುವುದಿಲ್ಲ. ತಿಳಿಯುವ ತನಕ ಹೆಸರಾದರೂ ತನಗೆ ಉಳಿಯುತ್ತದೆ.

ಅತ್ತೆ ಎದ್ದು ಬಂದು ಮಗುವಿನ ಮೂಗಿನ ಬಳಿ ಬೆರಳು ಹಿಡಿದು ನೋಡಿದಳು.

"ಸಾಕು ಕಣೇ, ಬಿಡು. ಅವಳು ದಾರಿ ತಪ್ತಾಳೆ."

"ಇನ್ನೊಂದೇ ಸಲ, ಅತ್ತೆ."

"ಬೇಡ ನನ್ನವ್ವ."

ಲೂಶ್ಕಾ ಬಾಯಿ ತೆರೆದಳು. ಅತ್ತೆಯ ಒರಟು ಅಂಗೈ ಅದನ್ನು ಮುಚ್ಚಿತು. ಮುದುಕಿ ತಾನೂ ಅಳುತ್ತಿದ್ದಳು. ಕೈಯನ್ನು ಮಾತ್ರ ಸಡಿಲಿಸಲಿಲ್ಲ. ಅದರಡಿಯಲ್ಲಿ ಲೂಶ್ಕಾಳ ತುಟಿಗಳು ಅಲುಗುತ್ತಲೇ ಇದ್ದವು.