ಕರುಬಿಗೊಂದು ಬಾಯಿ

"ಸತ್ತಿದೆ ಇದು," ಎಂದು ಯಜಮಾನರು ಚೀಟಿಯನ್ನು ಅವನತ್ತ ತಳ್ಳಿದರು. "ಅರ್ಥ ಇದೆ, ಉಸಿರಿಲ್ಲ."

ಅವನು ತನ್ನದೇ ಅಕ್ಷರ ನೋಡಿದ. ಕರುಬು: ಇನ್ನೊಬ್ಬರಲ್ಲಿರುವುದು ತನ್ನಲ್ಲಿಲ್ಲವೆಂದು ಉರಿಯುವ ಆಸೆ. ಕೆಳಗೆ ಹಳೆಯ ಕಾವ್ಯದ ಎರಡು ಸಾಲು. ಈ ನಿಘಂಟು ಕಚೇರಿಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಬರೆಯುವವರು ಬೇರೆ ಯಾರಿದ್ದರು? ಆದರೆ ಯಜಮಾನರದು ಒಂದೇ ಹಟ. ಪ್ರತಿ ಪದಕ್ಕೂ ಬದುಕಿರುವ ಬಾಯಿಯಿಂದ ಕೇಳಿದ ವಾಕ್ಯ ಬೇಕು. ಬಾಯಿ ಯಾರದೆಂದೂ ಹೇಳಬೇಕು.

ಅವನಿಗೆ ಬಾಯಿಗಳು ಸಿಗುತ್ತಿರಲಿಲ್ಲ. ಬಸ್ಸಿನಲ್ಲೋ ಕ್ಷೌರದಂಗಡಿಯಲ್ಲೋ ಅವನು ಕಿವಿಗೊಟ್ಟು ಕೂತರೆ ಜನ ಮಾತು ನಿಲ್ಲಿಸುತ್ತಿದ್ದರು. ತಂಗಿಯ ಗಂಡನ ಮುಂದೆ ಮಾತ್ರ ಊರಿಗೆ ಊರೇ ಬಾಯಿಬಿಡುತ್ತಿತ್ತು. ಆ ಮಹಾರಾಯನನ್ನು ಈ ಕೆಲಸಕ್ಕೆ ಸೇರಿಸಿದವನು ತಾನೇ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ. ಈಗ ಸಹಸಂಪಾದಕನ ಕುರ್ಚಿ ಖಾಲಿಯಾಗಿತ್ತು. ಇಬ್ಬರಲ್ಲಿ ಒಬ್ಬರಿಗೆ ಅದು ಇವತ್ತೇ ಸಿಗಬೇಕಿತ್ತು.

"ಬೇರೆ ಯಾರ ಹತ್ರಾನಾದ್ರೂ ಇದೆಯಾ?" ಎಂದು ಯಜಮಾನರು ಕೇಳಿದರು.

ತಂಗಿಯ ಗಂಡ ಕೆಮ್ಮಿದ. "ಒಂದಿದೆ ಸಾರ್... ಬೇಡ ಬಿಡಿ."

"ಹೇಳ್ರೀ."

"'ಅಣ್ಣ ಬಂದಾಗ ಜೋರಾಗಿ ನಗ್ಬೇಡಿ, ಕರುಬ್ತಾನೆ.'"

"ಭೇಷ್! ಯಾರ ಬಾಯಿ?"

"ನಮ್ಮನೆಯವಳದು."

ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ಆ ಅಣ್ಣನೇ ನಕ್ಕ. ಯಜಮಾನರು ವಾಕ್ಯ ಬರೆದುಕೊಂಡು, ನಾಳೆಯಿಂದ ಪಕ್ಕದ ಕುರ್ಚಿಗೆ ಬಂದುಬಿಡಿ ಎಂದು ತಂಗಿಯ ಗಂಡನಿಗೆ ಹೇಳಿದರು.

ಮೆಟ್ಟಿಲಿಳಿಯುವಾಗ ಅವನಿಗೆ ತಂಗಿಯ ಮನೆಯ ಬಾಗಿಲು ನೆನಪಾಯಿತು. ಅವನು ಗಂಟೆ ಒತ್ತಿದೊಡನೆ ಒಳಗೆ ನಗು ನಿಲ್ಲುತ್ತಿತ್ತು. ಅದನ್ನು ಇಷ್ಟು ವರ್ಷ ಮರ್ಯಾದೆ ಎಂದುಕೊಂಡಿದ್ದ. ತಂಗಿಯ ಗಂಡ ಹಿಂದೆಯೇ ಇಳಿದು ಬಂದ.

"ಭಾವ, ನಿಲ್ಲಿ. ಬೇಜಾರಾಯ್ತಾ?"

"ಬೇಜಾರೇನು? ಒಳ್ಳೆ ವಾಕ್ಯ."

"ಆ ಕುರ್ಚಿ ನೀವೇ ತಗೊಳ್ಳಿ ಭಾವ. ನಾನೇ ಹೇಳ್ತೀನಿ ಅವ್ರಿಗೆ. ನನಗೇನೂ ಬೇಕಾಗಿಲ್ಲ."

ತಂಗಿಯ ಗಂಡ ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಬೇಕಾಗಿರಲಿಲ್ಲ. ಆ ಕ್ಷಣಕ್ಕೆ ಭಾವನ ಕಣ್ಣಿಗೆ ಕುರ್ಚಿ ಬರೀ ಕಟ್ಟಿಗೆಯಾಯಿತು. ಈಗ ಇವನಿಗೆ ಬೇಕಾದದ್ದು ಆ 'ಬೇಕಾಗಿಲ್ಲ' ಎನ್ನಬಲ್ಲ ನಿರಾಳ.

ಮೊದಲ ಏಟು ತಂಗಿಯ ಗಂಡನ ಬಾಯಿಗೇ ಬಿತ್ತು. ಹಲ್ಲು ತಾಗಿ ಇವನ ಗೆಣ್ಣೇ ಸೀಳಿತು. "ಭಾವ, ಭಾವ," ಎನ್ನುತ್ತಿದ್ದವನ ಕತ್ತು ಹಿಡಿದು ತಲೆಯನ್ನು ಗೋಡೆಗೆ ಬಡಿದ. ಮತ್ತೆ ಬಡಿದ. ಅವನು ಕೈ ಎತ್ತಲೂ ಇಲ್ಲ. ಅದಕ್ಕೂ ಸಿಟ್ಟು ಬಂದು ಇನ್ನೊಮ್ಮೆ ಬಡಿದ.

ತಂಗಿಯ ಗಂಡ ಜಾರಿ, ಮೆಟ್ಟಿಲು ತಿರುಗುವ ಕಟ್ಟೆಯ ಮೇಲೆ ಮಗ್ಗುಲಾಗಿ ಬಿದ್ದ. ಕಿವಿಯಿಂದ ರಕ್ತ ಇಳಿಯುತ್ತಿತ್ತು. ಉಸಿರು ಮಾತ್ರ ನಿಧಾನವಾಗಿ ಹೋಗಿ ಬರುತ್ತಿತ್ತು. ಮುಖದಲ್ಲಿ ನೋವಿಲ್ಲ, ದೂರಿಲ್ಲ. ದಿನದ ಕೆಲಸ ಮುಗಿಸಿದವನ ಮುಖ.

ಇವನು ಬಾಗಿ ಆ ಮುಖವನ್ನೇ ಕರುಬುತ್ತ ಬಹಳ ಹೊತ್ತು ನೋಡಿದ. ಮೇಲೆ ಕುರ್ಚಿಗಳು ಸರಿದವು. ಯಾರೋ ಮಾತಾಡುತ್ತ ಮೆಟ್ಟಿಲ ಕಡೆ ಬರುತ್ತಿದ್ದರು. ಕೂಗಬೇಕು, ಇಲ್ಲ ಓಡಬೇಕು.

"ಸರಿ ಅತ್ಲಾಗೆ," ಎಂದ. ಆ ಮೈಯನ್ನು ಎರಡೂ ಕೈಯಿಂದ ಗೋಡೆಯತ್ತ ನೂಕಿ, ಅದು ಬಿದ್ದಿದ್ದ ಜಾಗದಲ್ಲಿ, ಇನ್ನೂ ಬೆಚ್ಚಗಿದ್ದ ಕಲ್ಲಿನ ಮೇಲೆ ಮಗ್ಗುಲಾಗಿ ಮಲಗಿ, ಕಣ್ಣು ಮುಚ್ಚಿಕೊಂಡ.