ಕಾಲು ಎತ್ತಬಾರದ ತಿರುವು

ಬಲಗಡೆ ತಡೆಬೇಲಿಯ ತಗಡು ಓಡುತ್ತಿದೆ, ಮಂಕು ತಗಡು, ಮಂಕು ತಗಡು, ಆಮೇಲೆ ಇದ್ದಕ್ಕಿದ್ದಂತೆ ಪಳಪಳ ಹೊಳೆಯುವ ನಾಲ್ಕು ಗಜ, ಅಂದರೆ ಹೋದ ವಾರ ಇಲ್ಲಿ ಯಾರೋ ಗುದ್ದಿದ್ದಾರೆ, ನಮ್ಮೂರಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಮತ್ತೆ ಮಂಕು ತಗಡು — ಇದರ ಬೋಲ್ಟುಗಳನ್ನು ಬಿಗಿದದ್ದು ನನ್ನ ಅಣ್ಣ ಏವಾಲ್ಡ್, ಎಪ್ಪತ್ತನೆಯ ಇಸವಿಯಲ್ಲಿ, ಜೈಲಿನಿಂದ ಬಂದವನಿಗೆ ಗ್ಯಾರೇಜಿನವರು ಕೆಲಸ ಕೊಡಲಿಲ್ಲ, ರಸ್ತೆಯವರು ಕೊಟ್ಟರು, ಬೇಲಿ ಕಟ್ಟುವ ಕೆಲಸ, ಸ್ವೀಡನ್ ಶಿಲುಬೆ ಅನ್ನುವ ತಿರುವಿನಲ್ಲೂ ಅವನೇ ಕಟ್ಟಿದ, ಊಟದ ಡಬ್ಬಿ ಬಿಚ್ಚದೆ ಹಾಗೇ ವಾಪಸ್ ತಂದಿದ್ದ ಅವತ್ತು. ಅತ್ತೆ, ಚಳಿಯಾಗ್ತಿದ್ಯಾ, ಕಿಟಕಿ ಏರಿಸ್ಲಾ, ಅನ್ನುತ್ತಾಳೆ ಮಾರೆನ್, ಅಣ್ಣನ ಮಗಳು, ಸ್ಟೀರಿಂಗನ್ನು ಅಪ್ಪನ ಹಾಗೆಯೇ ಬೆರಳ ತುದಿಯಲ್ಲಿ ಹಿಡಿದಿದ್ದಾಳೆ, ಬೇಡ ಕಣೆ, ಇರಲಿ. ಎಂಜಿನ್ನಿನ ಸದ್ದು ಬೆನ್ನ ಹಿಂದಿನಿಂದ ಬರುತ್ತಿದೆ, ಬಿಸಿ ಎಣ್ಣೆಯ ವಾಸನೆಯೂ, ಹಿಂದೆ ಎಂಜಿನ್ ಇರುವ ಈ ಪುಟ್ಟ ಹಳೆಯ ಕಾರನ್ನು ಏವಾಲ್ಡ್ ಕೊಟ್ಟಿಗೆಯಲ್ಲಿಟ್ಟುಕೊಂಡು ಮೂವತ್ತು ವರ್ಷ ರಿಪೇರಿ ಮಾಡಿದ, ಒಂದು ದಿನವೂ ಓಡಿಸಲಿಲ್ಲ, ಫೆಬ್ರವರಿಯಲ್ಲಿ ತೀರಿಕೊಂಡ, ಈಗ ಮಗಳಿಗೆ ಹುಚ್ಚು, ಅಪ್ಪನ ಹೆಸರಲ್ಲಿ ರಿಂಗಿನ ಮೇಲೆ, ನಮ್ಮೂರ ರೇಸ್ ರಸ್ತೆ ಮೇಲೆ, ಒಂದು ಸುತ್ತು ಅತ್ತೆ, ಒಂದೇ ಒಂದು, ನೀನೂ ಬಾ, ಅಪ್ಪನ ಕಡೆಯವರು ಅಂತ ಇನ್ಯಾರಿದಾರೆ. ಹೇಗೆ ಬೇಡ ಅನ್ನಲಿ. ಶನಿವಾರ ಬೆಳಿಗ್ಗೆ, ಚೀಟಿ ತೆಗೆದುಕೊಂಡರೆ ಹಾಲಿನ ವ್ಯಾನನ್ನೂ ಬಿಡುತ್ತಾರೆ ಇಲ್ಲಿ, ಗೇಟು ಮೇಲೆದ್ದಿತು, ನಾವು ಒಳಗೆ ಬಂದೆವು, ಒಳಗೆ ಬಂದ ಮೇಲೆ ಇಪ್ಪತ್ತು ಕಿಲೋಮೀಟರು ನಿಲ್ಲುವಂತಿಲ್ಲ, ತಿರುಗುವಂತಿಲ್ಲ.

ಎಡಕ್ಕೆ, ಬಲಕ್ಕೆ, ಎಡಕ್ಕೆ, ಬೀಚ್ ಮರಗಳ ನೆರಳು ಬಿಸಿಲು ನೆರಳು ಬಿಸಿಲು, ಚೆನ್ನಾಗಿ ಓಡಿಸುತ್ತಾಳೆ ಹುಡುಗಿ, ನಲವತ್ತು ದಾಟಿದವಳನ್ನು ಹುಡುಗಿ ಅನ್ನುತ್ತೇನೆ — ನನಗಾಗ ಹತ್ತೊಂಬತ್ತು, ಅರವತ್ತೇಳನೆಯ ಇಸವಿ ಜೂನ್, ಬೇಕರಿಯ ಹೂಬರ್ಟ್ ಹಿಟ್ಟಿನ ಮೂಟೆ ಹೊತ್ತು ಬಂದ, ಐವತ್ತು ಕಿಲೋ, ಮುಂದಿನ ಡಿಕ್ಕಿಯಲ್ಲಿ ಧಡ್ ಅಂತ ಹಾಕಿದ, ಇಂಥ ಕಾರುಗಳ ಮೂತಿ ಹಗುರ, ಭಾರ ಬೇಕು, ಮನೆಯಲ್ಲಿ ಬೇರೆ ಏನೂ ಇರಲಿಲ್ಲ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಲ್ಲೇ ಬನ್ನು ಸುಟ್ಟು ತಿನ್ನೋಣ ಅಂತ ನಕ್ಕ. ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ. ಓಡಿಸುತ್ತಿದ್ದದ್ದು ನಾನು. ಮನಸ್ಸಿನಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಈ ಮಾತು, ಓಡಿಸುತ್ತಿದ್ದದ್ದು ನಾನು, ನಾಲಿಗೆಗೆ ಮಾತ್ರ ಬರುವುದಿಲ್ಲ. ಹೂಬರ್ಟ್ ಪಕ್ಕದಲ್ಲಿ, ಏವಾಲ್ಡ್ ಹಿಂದಿನ ಇಕ್ಕಟ್ಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ನನ್ನ ಕಿವಿಯ ಹತ್ತಿರ ಅವನ ಬಾಯಿ, ನೋಡು, ಹೆದರಿಕೆ ಆದಾಗ ಎಲ್ರೂ ಆಕ್ಸಿಲರೇಟರಿಂದ ಕಾಲೆತ್ತಾರೆ, ನೀನು ಎತ್ತಬೇಡ, ಎತ್ತಿದ್ಯೋ ಹಿಂಬದಿ ಹಗುರಾಗತ್ತೆ, ಬಾಲ ತಿರುಗತ್ತೆ, ಕಾಲು ಒಂದೇ ಸಮ ಇರಲಿ, ಕೈ ಮೆತ್ತಗಿರಲಿ. ಹ್ಞೂಂ ಅಂದೆ. ಸ್ವೀಡನ್ ಶಿಲುಬೆಯ ಹತ್ತಿರ ರಸ್ತೆ ದಿಬ್ಬ ಹತ್ತಿ ಎಡಕ್ಕೆ ತಿರುಗುತ್ತದೆ, ದಿಬ್ಬದ ನೆತ್ತಿಯಲ್ಲಿ ರಸ್ತೆ ಕಾಣುವುದಿಲ್ಲ, ಬರೀ ಆಕಾಶ, ಗೆರ್ಲಿಂಡ, ಮುಂದಿನ ಭಾನುವಾರ ನೀನು — ಅಂದ ಹೂಬರ್ಟ್, ಮುಂದಿನ ಭಾನುವಾರ ನಾನು ಏನು, ಅವನು ಮುಗಿಸಲಿಲ್ಲ, ಆಕಾಶ ಕಂಡು ನನ್ನ ಕಾಲು ತಾನಾಗಿ ಮೇಲೆದ್ದಿತು. ಸದ್ದೇ ಇಲ್ಲದೆ ತಿರುಗಿತು ಕಾರು. ಆಗ ತಗಡಿನ ಬೇಲಿ ಇರಲಿಲ್ಲ, ಹಸಿರು ಪೊದೆ, ಪೊದೆಯ ಹಿಂದೆ ಮರ. ಬಾಗಿಲು ಕಿತ್ತುಹೋಗಿತ್ತು. ಎಲ್ಲೆಲ್ಲೂ ಬಿಳಿ, ಜೂನ್ ತಿಂಗಳಲ್ಲಿ ಹಿಮ ಬಿದ್ದ ಹಾಗೆ, ಗಾಳಿಯಲ್ಲಿ ಹಿಟ್ಟು ನಿಧಾನವಾಗಿ ಇಳಿಯುತ್ತಿತ್ತು, ಹೂಬರ್ಟ್‌ನ ರೆಪ್ಪೆಗಳ ಮೇಲೆ ಇಳಿಯುತ್ತಿತ್ತು, ಅವನು ರೆಪ್ಪೆ ಮಿಟುಕಿಸುತ್ತಿರಲಿಲ್ಲ. ಏವಾಲ್ಡ್ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದ, ಅವನ ಕಿವಿಯಿಂದ ರಕ್ತ, ನೀನು ಹಿಂದೆ ಕೂತಿದ್ದೆ, ಕೇಳಿಸ್ತಾ, ಓಡಿಸ್ತಿದ್ದೋನು ನಾನು, ನೀನು ಬಾಯಿ ಬಿಡಬೇಡ. ಪೊಲೀಸರು ಬಂದು ಕೇಳಿದಾಗ ಒತ್ತಾಯ ಯಾರೂ ಮಾಡಲಿಲ್ಲ, ನಾನೇ ಹೇಳಿದೆ, ಹಿಂದೆ ಕೂತಿದ್ದೆ ಸಾರ್, ಏನೂ ಕಾಣಿಸಲಿಲ್ಲ.

ಏಳು ತಿಂಗಳು ಜೈಲು ಅವನಿಗೆ. ಆಮೇಲಿನದು ಜೈಲಿಗಿಂತ ದೊಡ್ಡದು, ಹೂಬರ್ಟ್‌ನ ಅಕ್ಕ ಕೇಟೆ ಬೇಕರಿಯ ಗಲ್ಲಾದಲ್ಲಿ ನಿಂತು, ನಿನಗೆ ಇಲ್ಲಿ ಏನೂ ಸಿಗಲ್ಲ, ಬಾಗಿಲು ಹಾಕ್ಕೊಂಡು ಹೋಗು ಅಂದಳಂತೆ, ಅವನು ಬಾಗಿಲು ಹಾಕಿಕೊಂಡು ಬಂದ, ಮತ್ತೆ ಕಾರು ಓಡಿಸಲಿಲ್ಲ, ಒಂಬತ್ತು ಕಿಲೋಮೀಟರು ಸೈಕಲ್ ತುಳಿದು ಪಕ್ಕದ ಊರಿಂದ ಬ್ರೆಡ್ಡು ತರುತ್ತಿದ್ದ, ಮಂಜು ಬಿದ್ದರೂ, ಮದುವೆಯಾದರೂ, ಹೆಂಡತಿ ಬಿಟ್ಟುಹೋದರೂ. ನಾನು ಮಾತ್ರ ಪ್ರತಿ ಶನಿವಾರ ಕೇಟೆಯ ಹತ್ತಿರವೇ ತೆಗೆದುಕೊಂಡೆ, ನಲವತ್ತೆಂಟು ವರ್ಷ, ಕೇಟೆ ಚೀಲಕ್ಕೆ ಒಂದು ಬನ್ನು ಹೆಚ್ಚಿಗೆ ಹಾಕುತ್ತಿದ್ದಳು, ಪಾಪ, ನೀನು ಅದರಲ್ಲಿ ಬದುಕಿ ಬಂದೋಳು ಅಂತ, ಆ ಬನ್ನನ್ನು ನಾನು ತಿಂದೆ, ರುಚಿಯಾಗಿಯೇ ಇರುತ್ತಿತ್ತು — ಅತ್ತೆ, ಹಿಂದ್ಗಡೆ ಒಬ್ಬ ಮೈಮೇಲೇ ಬರ್ತಿದಾನೆ ನೋಡು, ಅನ್ನುತ್ತಾಳೆ ಮಾರೆನ್, ಕನ್ನಡಿಯ ತುಂಬ ಹೊಸ ಕಾರಿನ ದೀಪಗಳು, ಅವಳ ಕಣ್ಣು ಕನ್ನಡಿಯಲ್ಲಿ, ಮುಂದೆ ದಿಬ್ಬ, ದಿಬ್ಬದ ಮೇಲೆ ಆಕಾಶ, ಸ್ವೀಡನ್ ಶಿಲುಬೆ, ಅವಳ ಮೊಣಕಾಲು ಏಳುತ್ತಿದೆ, ನನಗೆ ಕಾಣುತ್ತಿದೆ, ಏಳುತ್ತಿದೆ — ಕಾಲೆತ್ತಬೇಡ! ನನ್ನ ಕೈ ಅವಳ ಮೊಣಕಾಲಿನ ಮೇಲಿದೆ, ಒತ್ತುತ್ತಿದೆ, ಎತ್ತಬೇಡ, ಒಂದೇ ಸಮ ಇರಲಿ, ಕೈ ಮೆತ್ತಗೆ, ಹಾಗೇ, ಹಾಗೇ, ಬಾಲ ಒಮ್ಮೆ ತುಳುಕಿತು, ಮೀನಿನ ಹಾಗೆ, ಟೈರು ಕಿರುಚಿತು, ತಗಡು ನನ್ನ ಕಡೆಗೇ ಬಂತು, ಬಂತು, ಮೊಳದೂರದಲ್ಲಿ ಹೊರಳಿಕೊಂಡು ಹೋಯಿತು, ಈಗ ನೇರ ಆಯ್ತು, ಈಗ ಬ್ರೇಕು ಹಾಕು. ಹಾಕಿದಳು. ಹಿಂದಿನವನು ಹಾರನ್ ಹೊಡೆದುಕೊಂಡು ಮುಂದೆ ಹೋದ.

ಅತ್ತೆ, ನಿನಗೆ ಡ್ರೈವಿಂಗೇ ಬರಲ್ವಲ್ಲ. ಎಲ್ಲಿಗೂ ಬಸ್ಸಲ್ಲೇ ಹೋಗೋಳು ಅಂತ ಊರೆಲ್ಲ ನಗುತ್ತೆ. ಯಾರು ಹೇಳಿಕೊಟ್ರು ಇದನ್ನ? ನಿಮ್ಮಪ್ಪ. ಯಾವಾಗ? ಕೇಳಿಸದವಳ ಹಾಗೆ ಇದ್ದುಬಿಡಬಹುದಿತ್ತು, ಎಂಜಿನ್ನಿನ ಸದ್ದು ಜೋರಾಗಿಯೇ ಇದೆ, ಆದರೆ ಕೈ ಇನ್ನೂ ಅವಳ ಮೊಣಕಾಲಿನ ಮೇಲೆಯೇ ಇದೆ, ಕೈ ಆಗಲೇ ಹೇಳಿಬಿಟ್ಟಿದೆ, ಅವತ್ತು ಅಂದೆ. ಅವತ್ತು ನೀನು ಎಲ್ಲಿ ಕೂತಿದ್ದೆ ಅತ್ತೆ? ಈಗ ನೀನು ಕೂತಿರೋ ಜಾಗದಲ್ಲಿ. ನರಿಕೊಳವೆ ಅನ್ನುವ ಇಳಿಜಾರು, ಕಾರು ಬಾವಿಗೆ ಬಿದ್ದ ಹಾಗೆ ಇಳಿಯುತ್ತಿದೆ, ಹೊಟ್ಟೆ ಹಗುರ, ತಳದಲ್ಲಿ ಮೈಯೆಲ್ಲ ಸೀಟಿಗೆ ಒತ್ತಿಕೊಂಡಿತು, ಮಾರೆನ್ ಗೇರು ಬದಲಿಸುತ್ತಾಳೆ, ಇಳಿಸಿಬಿಡುತ್ತಾಳೆ ನನ್ನನ್ನು ಅಂದುಕೊಂಡೆ, ಇಲ್ಲಿ ಇಳಿಸಲು ಆಗುವುದಿಲ್ಲ, ನಿಲ್ಲುವಂತಿಲ್ಲ. ಸೇತುವೆ ಬಂತು, ಕೆಳಗೆ ಊರು, ಬೇಕರಿಯ ಚಿಮಣಿ, ಮತ್ತೆ ಏರು, ನೋಡುಗರು ಹಳೆ ಕಾರು ಕಂಡು ಕೈ ಬೀಸುತ್ತಿದ್ದಾರೆ. ಆರನೇ ಕ್ಲಾಸಲ್ಲಿ ನನ್ನ ಬ್ಯಾಗಿಗೆ ಹಿಟ್ಟು ಸುರಿದಿದ್ರು, ನೆನಪಿದ್ಯಾ, ಅನ್ನುತ್ತಾಳೆ ರಸ್ತೆ ನೋಡುತ್ತಲೇ, ಕೊಲೆಗಾರನ ಮಗಳು ಅಂತ. ಅಪ್ಪ ಅಡಿಗೆಮನೆಲಿ ಕೂತು ಒಂದೊಂದೇ ಪುಸ್ತಕ ಒರೆಸಿದ್ರು. ನೀನು ಅಲ್ಲೇ ಇದ್ದೆ ಅತ್ತೆ. ಬಟ್ಟೆ ಕೊಟ್ಟೆ. ಹೌದು, ಕೊಟ್ಟೆ, ನೀಲಿ ಗೆರೆಯ ಬಟ್ಟೆ, ಏವಾಲ್ಡ್ ತಲೆ ಎತ್ತಲಿಲ್ಲ. ಹೇಳಿಬಿಡು ಅಂತ ಅಪ್ಪ ಒಂದ್ಸಲನಾದ್ರೂ ಅಂದ್ರಾ? ಇಲ್ಲ. ನಿನಗಾದ್ರೂ ಅನ್ನಿಸ್ಲಿಲ್ವಾ? ಪ್ರತಿ ಶನಿವಾರ ಅಂದುಕೊಳ್ತಿದ್ದೆ. ಅಂದುಕೊಳ್ತಿದ್ಲಂತೆ! ನಕ್ಕಳು, ನಗುವಲ್ಲ ಅದು, ಕಣ್ಣು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿಲ್ಲ, ಎರಡೂ ಕೈ ಸ್ಟೀರಿಂಗಿನ ಮೇಲೆ, ಒರೆಸಲೇ ಅಂದರೆ ಮುಟ್ಟಬೇಡ ಅಂದಳು.

ಗೇಟಿನಿಂದ ಹೊರಗೆ ಬಂದವಳು ಮನೆಯ ದಾರಿ ಹಿಡಿಯಲಿಲ್ಲ. ಊರಿಗೆ ಇಳಿದು ಬೇಕರಿಯ ಮುಂದೆ ನಿಲ್ಲಿಸಿದಳು. ಇಳಿ ಅತ್ತೆ. ನಾಳೆ ಹೇಳ್ತೀನಿ ಮಾರೆನ್, ಇವತ್ತು ಜನ ಇರ್ತಾರೆ. ಜನ ಇರಲಿ, ಅಪ್ಪನ್ನ ಬೈಯೋವಾಗ್ಲೂ ಜನ ಇದ್ರು. ಇಳಿದೆ, ಒಳಗೆ ಇಬ್ಬರಿದ್ದರು, ಅವರ ಕೆಲಸ ಮುಗಿಯಿತು, ಹೋದರು, ಕೇಟೆಗೆ ಈಗ ಎಪ್ಪತ್ತಮೂರು, ಕನ್ನಡಕ ಹಣೆಯ ಮೇಲೆ, ಎಂದಿನದೇ ತಾನೆ, ಅನ್ನುತ್ತಾ ಬ್ರೆಡ್ಡನ್ನು ಕತ್ತರಿಸುವ ಯಂತ್ರಕ್ಕೆ ಹಾಕಿದಳು, ಯಂತ್ರ ಗಡಗಡ ಅನ್ನುತ್ತಿತ್ತು, ಆ ಸದ್ದಿನಲ್ಲೇ ಹೇಳಿದೆ, ಅಂಜುಬುರುಕಿ, ಆ ಸದ್ದಿನ ಮರೆಯಲ್ಲೇ ಹೇಳಿದೆ, ಕೇಟೆ, ಅವತ್ತು ಓಡಿಸ್ತಿದ್ದದ್ದು ಏವಾಲ್ಡ್ ಅಲ್ಲ, ನಾನು. ಯಂತ್ರ ನಿಂತಿತು. ಕೇಳಿಸಿತೋ ಇಲ್ಲವೋ, ಅವಳು ಬ್ರೆಡ್ಡನ್ನು ಕಾಗದದ ಚೀಲಕ್ಕೆ ಜಾರಿಸಿದಳು, ಬಾಯಿ ಮಡಿಸಿದಳು, ಇನ್ನೊಮ್ಮೆ ಮಡಿಸಿದಳು, ಮೇಜಿನಾಚೆಯಿಂದ ಚಾಚಿದಳು, ನಾನು ಹಿಡಿದೆ, ಅವಳು ಬಿಡಲಿಲ್ಲ. ಏವಾಲ್ಡ್‌ನ ಮಣ್ಣಿಗೂ ನಾನು ಹೋಗಲಿಲ್ಲ, ಅಂದಳು. ಚರ್ಚಿನ ಗಂಟೆ ಹೊಡೆಯೋದು ಇಲ್ಲಿಗೇ ಕೇಳಿಸ್ತಿತ್ತು, ಕಿಟಕಿ ಮುಚ್ಚಿದೆ. ಒಂದು ತುಂಡು ಬ್ರೆಡ್ಡು ಕೊಡಲಿಲ್ಲ ಗೆರ್ಲಿಂಡ, ಆ ಮನುಷ್ಯನಿಗೆ, ಇಷ್ಟು ವರ್ಷ, ನೀನು ನನ್ನ ಕೈಯಲ್ಲಿ ಇದನ್ನ ಮಾಡಿಸಿ — ಹೊರಗೆ ಮಾರೆನ್ ಎಂಜಿನ್ ಆರಿಸಿದಳು, ಕಾಗದದ ಮೇಲೆ ಕೇಟೆಯ ಹೆಬ್ಬೆರಳು, ಉಗುರು ಬೆಳ್ಳಗಾಗುವಷ್ಟು ಒತ್ತಿದೆ, ಕಾಗದ ಹರಿಯಿತು, ಹೆಬ್ಬೆರಳು ಬ್ರೆಡ್ಡಿನೊಳಗೆ ಇಳಿಯುತ್ತಿದೆ, ನಾನೂ ಬಿಡುತ್ತಿಲ್ಲ, ಅವಳೂ ಬಿಡುತ್ತಿಲ್ಲ, ಹೆಬ್ಬೆರಳು, ಬಿಸಿ ಬ್ರೆಡ್ಡಿನೊಳಗೆ ಹೆಬ್ಬೆರಳು, ಇಳಿಯುತ್ತಿದೆ, ಹೆಬ್ಬೆರಳು